ಬನಾನಾ ರಿಪಬ್ಲಿಕ್‌ನ ಹಳೆಯ ಸಫಾರಿ ಬಟ್ಟೆ ಮತ್ತು ಚಿತ್ರದ ಕ್ಯಾಟಲಾಗ್: ಗುರುತಿಸುವುದರಿಂದ ಕಾಪಾಡುವವರೆಗೆ

ಬನಾನಾ ರಿಪಬ್ಲಿಕ್ ಅಮೆರಿಕದ ಬಟ್ಟೆ ಕಂಪನಿ. ಮೊದಮೊದಲು ಸಫಾರಿ ಬಟ್ಟೆಗಳನ್ನು ಚಿತ್ರ ಬರೆದ ಕ್ಯಾಟಲಾಗ್‌ಗಳ ಮೂಲಕವೂ ಮಾರುತ್ತಿತ್ತು. ಅದರ ‘ವಿಂಟೇಜ್ ಸಫಾರಿ ಜಾಕೆಟ್’ ಎಂದು ದುಬಾರಿ ಬೆಲೆ ಕೊಟ್ಟು ತರಿಸಿಕೊಂಡು, ಪೊಟ್ಟಣ ಬಿಚ್ಚಿದ ಮೇಲೆ ಅದು 2005ರ ಸುಮಾರಿಗೆ ಮಾಲ್‌ನಲ್ಲಿ ಮಾರಾಟವಾದ ಜಾಕೆಟ್ ಎಂದು ಗೊತ್ತಾಗುವುದು ಮೊದಲನೇ ಎಡವಟ್ಟು. ಕಾಲ ಸರಿಯಿದ್ದರೂ ಅಳತೆ ತಪ್ಪುವುದು ಎರಡನೆಯದು. ಅಳತೆಯೂ ಸರಿಯಿದ್ದು, ಮೊದಲ ಒಗೆತಕ್ಕೇ ಖಾಕಿ ಹೋಗಿ ಗುಲಾಬಿಯಾಗುವುದು ಮೂರನೆಯದು. ಹೆಚ್ಚಿನವರು ಎಡವುವುದು ಈ ಮೂರು ಕಡೆಯೇ. ಮೊದಲನೆಯದಕ್ಕೆ ಕಾರಣ, ಎಲ್ಲರೂ ನೋಟ ಶುರುಮಾಡುವುದು ಕತ್ತಿನ ಲೇಬಲ್‌ನಿಂದ. ನೋಡಬೇಕಾದ ಕ್ರಮ ಬೇರೆ: ಮೊದಲು ಒಳಗಿನ ಸಣ್ಣ ಪಟ್ಟಿ, ಆಮೇಲೆ ಹೊಲಿಗೆ, ಆಮೇಲೆ ಕ್ಯಾಟಲಾಗ್‌ನ ಚಿತ್ರ. ಕತ್ತಿನ ಲೇಬಲ್ ಕೊನೆಗೆ.

ಈ ಬರಹದಲ್ಲಿ ‘ಸಫಾರಿ ಕಾಲ’ ಎಂದರೆ 1978ರಿಂದ 1988ರವರೆಗಿನ ಹತ್ತು ವರ್ಷ. ಮೆಲ್ ಮತ್ತು ಪೆಟ್ರೀಷಿಯಾ ಝೀಗ್ಲರ್ ದಂಪತಿ ಕ್ಯಾಲಿಫೋರ್ನಿಯಾದ ಮಿಲ್ ವ್ಯಾಲಿಯಲ್ಲಿ ಅಂಗಡಿ ತೆರೆದದ್ದು 1978ರಲ್ಲಿ, ಗ್ಯಾಪ್ ಕಂಪನಿ ಅದನ್ನು ಕೊಂಡದ್ದು 1983ರಲ್ಲಿ, ದಂಪತಿ ಹೊರಬಿದ್ದದ್ದು 1988ರಲ್ಲಿ. ಈ ಮೂರು ಇಸವಿ ನೆನಪಿದ್ದರೆ ಸಾಕು.

## ಕೈಯಲ್ಲಿ ಇರಬೇಕಾದ ಸಾಮಾನು

ಟೇಲರ್ ಟೇಪು (ಇಂಚು, ಸೆಂಟಿಮೀಟರ್ ಎರಡೂ ಇರುವುದು), 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಬಿಳಿ ಹತ್ತಿ ಬಟ್ಟೆಯ ನಾಲ್ಕಾರು ತುಂಡು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ನೀಲಿ-ಬಿಳಿ ಹೊಳಪಿನ ಪುಡಿ ಬೆರೆಸದ ದ್ರವ ಮಾರ್ಜಕ, 15 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಟಬ್. ಕ್ಯಾಟಲಾಗ್ ಕೊಳ್ಳುವವರಿಗೆ ಇವುಗಳ ಜೊತೆಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯ ಚೀಲ ಮತ್ತು ಆಮ್ಲರಹಿತ ರಟ್ಟು. ಕಬ್ಬಿಣದ ಬಕೆಟ್ ಬೇಡ. ತುಕ್ಕಿನ ಒಂದು ಕಲೆ ಬಿದ್ದರೂ ಅದನ್ನು ತೆಗೆಯುವ ಕೆಲಸ ಇಡೀ ಒಗೆತಕ್ಕಿಂತ ದೊಡ್ಡದು.

## 1ನೇ ಹಂತ: ಯಾವ ಬಟ್ಟೆ ಬೇಕು ಎಂದು ಮೊದಲೇ ತೀರ್ಮಾನಿಸಿ

‘ಸಫಾರಿ’ ಎಂದು ಹುಡುಕಿದರೆ ಮೂರು ಬಗೆಯ ಸರಕು ಒಂದೇ ರಾಶಿಯಲ್ಲಿ ಬಂದು ಬೀಳುತ್ತದೆ.

ಒಂದು, ಸೇನೆಯ ಹಳೆಯ ದಾಸ್ತಾನು. ಶುರುವಿನ ವರ್ಷಗಳಲ್ಲಿ ಅಂಗಡಿ ನಡೆದದ್ದೇ ಬೇರೆ ಬೇರೆ ದೇಶಗಳ ಸೇನೆ ಬಿಟ್ಟುಕೊಟ್ಟ ಅಂಗಿ, ಚೀಲ, ಕೋಟುಗಳ ಮೇಲೆ. ಸ್ಪೇನ್‌ನ ಪ್ಯಾರಾಟ್ರೂಪರ್ ಅಂಗಿಗಳ ತೋಳು ಗಿಡ್ಡವಾಗಿದ್ದವು. ಅದನ್ನು ಮುಚ್ಚಿಡದೆ ಕ್ಯಾಟಲಾಗ್‌ನಲ್ಲಿ ಹೆಸರಿನೊಳಗೇ ಸೇರಿಸಿ ಮಾರಿದರು. ಹಾಗಾಗಿ ಇಂಥ ಅಂಗಿಯ ತೋಳು ಮಣಿಕಟ್ಟಿಗಿಂತ ಮೇಲೆ ನಿಂತರೆ ‘ಯಾರೋ ಕತ್ತರಿಸಿದ್ದಾರೆ’ ಎಂದು ಬಿಟ್ಟುಬಿಡಬೇಡಿ. ತುದಿಯ ಮಡಿಕೆ ಮೂಲದ್ದೇ ಎಂದು ನೋಡಿ.

ಎರಡು, ಕಂಪನಿಯೇ ಹೊಲಿಸಿದ್ದು: ನಾಲ್ಕು ಜೇಬಿನ ಬುಷ್ ಜಾಕೆಟ್, ಫೋಟೋ ಪತ್ರಕರ್ತರ ಹೆಸರಿನ ಬಹುಜೇಬಿನ ವೇಸ್ಟ್‌ಕೋಟ್, ಗೂರ್ಖಾ ಚಡ್ಡಿ. ಹೊಸದಾಗಿ ಶುರು ಮಾಡುವವರು ಇದರಿಂದಲೇ ಶುರು ಮಾಡಿ, ಏಕೆಂದರೆ ಗ್ಯಾಪ್ ಕೊಂಡ ಮೇಲೆ ಅಂಗಡಿಗಳು ಹೆಚ್ಚಾದವು, ಸರಕು ಹೆಚ್ಚು ಹೊರಬಂತು, ಹೋಲಿಸಲು ಮಾದರಿ ಸಿಗುತ್ತದೆ.

ಮೂರು, ಅದೇ ಹೆಸರಿನ ಆದರೆ ಆ ಕಾಲದ್ದಲ್ಲದ ಬಟ್ಟೆ. 1990ರ ದಶಕದ ಆಫೀಸು ಉಡುಪು, ಮತ್ತು ಈಚಿನ ವರ್ಷಗಳಲ್ಲಿ ಕಂಪನಿ ತನ್ನ ಹಳೆಯ ಸಫಾರಿ ನೋಟಕ್ಕೆ ಮರಳಿದ ಮೇಲೆ ಬಂದ ಹೊಸ ಜಾಕೆಟ್‌ಗಳು. ಉಡಲು ಚೆನ್ನಾಗಿಯೇ ಇವೆ, ಹಳೆಯದರ ಬೆಲೆ ಕೊಡಲು ಲಾಯಕ್ಕಲ್ಲ.

ಬೆಂಗಳೂರಿನವರಿಗೆ ಒಂದು ಮಾತು. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ಈ ಹೆಸರಿನ ಬಟ್ಟೆ ಕಾಣುತ್ತದೆ, ಲೇಬಲ್ ಅರ್ಧ ಕತ್ತರಿಸಿದ್ದೋ ಮಸಿ ಗೀರು ಎಳೆದದ್ದೋ ಇರುತ್ತದೆ. ಅವು ಇಲ್ಲಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಉಳಿದ ಈಚಿನ ಸರಕು. ನೂರಕ್ಕೆ ನೂರು ಸಫಾರಿ ಕಾಲದ್ದಲ್ಲ ಎಂದೇ ಇಟ್ಟುಕೊಳ್ಳಿ. ಮಿಲ್ ವ್ಯಾಲಿ ಇರುವುದು ಗೋಲ್ಡನ್ ಗೇಟ್ ಸೇತುವೆ ದಾಟಿದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನಂಟರೋ ಗೆಳೆಯರೋ ಇದ್ದರೆ, ಮನೆ ಖಾಲಿ ಮಾಡುವಾಗ ನಡೆಯುವ ಮಾರಾಟ ಮತ್ತು ಬಳಸಿದ ಸಾಮಾನು ಮಾರುವ ಥ್ರಿಫ್ಟ್ ಅಂಗಡಿಗಳ ಮೇಲೆ ಕಣ್ಣಿಡಲು ಅವರಿಗೆ ಹೇಳಿ.

## 2ನೇ ಹಂತ: ಒಳಗಿನ ಪಟ್ಟಿ ಓದಿ

ಪಕ್ಕದ ಹೊಲಿಗೆಯಲ್ಲೋ ಕತ್ತಿನ ಲೇಬಲ್‌ನ ಅಡಿಯಲ್ಲೋ ಒಂದು ಸಣ್ಣ ಪಟ್ಟಿ ಇರುತ್ತದೆ. ಒಗೆಯುವ ಸೂಚನೆ, ನೂಲಿನ ಬಗೆ, ದೇಶ, ಒಂದು ಸಂಖ್ಯೆ. ಅಮೆರಿಕದ ಕಾನೂನುಗಳು ಈ ಪಟ್ಟಿಯನ್ನು ಕಾಲಕಾಲಕ್ಕೆ ಬದಲಿಸಿವೆ. ಹೆಸರನ್ನು ನಕಲು ಮಾಡುವವರು ಪಟ್ಟಿಯನ್ನು ಮರೆಯುತ್ತಾರೆ, ಹಾಗಾಗಿ ನಿಮ್ಮ ಬಲವಾದ ಸಾಕ್ಷಿ ಇದೇ. ಈ ಕ್ರಮದಲ್ಲಿ ಓದಿ:

1. ಒಗೆಯುವ ಸೂಚನೆ ಮಾತಿನಲ್ಲಿದೆಯೋ ಚಿಹ್ನೆಯಲ್ಲೋ? ಬರೀ ಚಿಹ್ನೆಗಳಿದ್ದು (ತೊಟ್ಟಿ, ತ್ರಿಕೋನ, ಇಸ್ತ್ರಿಪೆಟ್ಟಿಗೆ) ಇಂಗ್ಲಿಷ್ ವಾಕ್ಯ ಇಲ್ಲದಿದ್ದರೆ ಅದು 1997ರ ನಂತರದ್ದು. ಅಮೆರಿಕದಲ್ಲಿ ಮಾತಿಲ್ಲದ ಚಿಹ್ನೆಗಳಿಗೆ ಒಪ್ಪಿಗೆ ಸಿಕ್ಕಿದ್ದೇ ಆ ವರ್ಷ. ನೋಟ ಇಲ್ಲಿಗೇ ಮುಗಿಯಿತು, ವಾಪಸ್ ಇಡಿ.

2. ಎಷ್ಟು ಭಾಷೆ? ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರೂ ಒಂದೇ ಪಟ್ಟಿಯಲ್ಲಿದ್ದರೆ ಅನುಮಾನಪಡಿ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದ 1994ರಲ್ಲಿ ಜಾರಿಯಾದ ಮೇಲೆ ಇದು ಸಾಮಾನ್ಯವಾಯಿತು.

3. ದೇಶದ ಹೆಸರು. ‘ಮೇಡ್ ಇನ್ ಯುಎಸ್ಎ’ ಎಂದು ನಮೂದಿಸಲೇಬೇಕೆಂಬ ಕಾನೂನು ಬಂದದ್ದು 1984ರಲ್ಲಿ. ಅಮೆರಿಕದಲ್ಲೇ ಹೊಲಿದ ಹಳೆಯ ತುಂಡಿನಲ್ಲಿ ದೇಶದ ಹೆಸರು ಇಲ್ಲದಿದ್ದರೆ ಅದು ದೋಷವಲ್ಲ, ಹಳತಾಗಿರಬಹುದು ಎಂಬ ಸುಳಿವು. ಹಾಂಗ್‌ಕಾಂಗ್ ಎಂದಿದ್ದರೆ ಅದೊಂದರಿಂದಲೇ ಏನೂ ತೀರ್ಮಾನವಾಗದು.

4. ಆರ್‌ಎನ್ ಸಂಖ್ಯೆ. ಇದು ಕಂಪನಿಯ ನೋಂದಣಿ ಸಂಖ್ಯೆ, ಬಟ್ಟೆಯದ್ದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿದರೆ ಯಾರ ಸಂಖ್ಯೆ ಎಂದು ತಿಳಿಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಸಂಖ್ಯೆಯಿಂದ ಬಟ್ಟೆಯ ಇಸವಿ ಲೆಕ್ಕ ಹಾಕುವುದು. ಒಂದೇ ಸಂಖ್ಯೆ ದಶಕಗಟ್ಟಲೆ ಓಡುತ್ತದೆ. ಅದರಿಂದ ಸಿಗುವ ಉತ್ತರ ‘ಇದಕ್ಕಿಂತ ಹಳೆಯದಲ್ಲ’ ಎಂಬುದಷ್ಟೇ.

ಪಟ್ಟಿಯೇ ಇಲ್ಲವೇ? ಒಗೆಯುವ ಸೂಚನೆ 1972ರಿಂದ ಕಡ್ಡಾಯ. ಆದ್ದರಿಂದ ಕಂಪನಿಯೇ ಹೊಲಿಸಿದ ಬಟ್ಟೆಯಲ್ಲಿ ಪಟ್ಟಿ ಇರಲೇಬೇಕು. ಕತ್ತರಿಸಿದ್ದರೆ ಹೊಲಿಗೆಯ ನಡುವೆ ಅದರ ಬುಡ ಒಂದೆರಡು ಮಿಲಿಮೀಟರ್ ಉಳಿದಿರುತ್ತದೆ, ಟಾರ್ಚು ಹಿಡಿದು ನೋಡಿ. ಸೇನೆಯ ದಾಸ್ತಾನಾದರೆ ಪಟ್ಟಿಯ ಬದಲು ಒಳಗಡೆ ಮಸಿಯ ಮೊಹರೋ ಬೇರೆ ಭಾಷೆಯ ಸೈಜಿನ ಗುರುತೋ ಇರಬಹುದು.

## 3ನೇ ಹಂತ: ಹೊಲಿಗೆ, ಗುಂಡಿ, ಜೇಬು

ಬಟ್ಟೆಯನ್ನು ಒಳಮಗ್ಗುಲು ಮಾಡಿ. ಹೊರಗಿನಿಂದ ನೋಡಿ ಮರುಳಾಗುವವರೇ ಹೆಚ್ಚು.

ತೋಳು ಮತ್ತು ಪಕ್ಕದ ಹೊಲಿಗೆ ಮೊದಲು. ಒಳ್ಳೆಯ ಬುಷ್ ಜಾಕೆಟ್‌ನಲ್ಲಿ ಬಟ್ಟೆಯ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿರುತ್ತಾರೆ, ಒಳಗೆ ಬಿಡಿ ಅಂಚು ಕಾಣುವುದಿಲ್ಲ. ಬರೀ ಓವರ್‌ಲಾಕ್ (ಬಿಡಿ ಅಂಚಿನ ನೂಲು ಬಿಚ್ಚದಂತೆ ಸುತ್ತಿ ಹಾಕಿದ ಹೊಲಿಗೆ) ಇದ್ದರೆ ತಿರಸ್ಕರಿಸಬೇಕಿಲ್ಲ, ಆದರೆ ಬೆಲೆ ಇಳಿಸಿ ಕೇಳಿ.

ಜೇಬು ಮುಖ್ಯ. ತುಂಬಿದಾಗ ಹೊರಕ್ಕೆ ಉಬ್ಬುವಂತೆ ಪಕ್ಕದಲ್ಲಿ ಪಟ್ಟಿ ಕೂಡಿಸಿದ ಜೇಬಿನ ಒಳಗೆ ಬೆರಳು ಹಾಕಿ ಕೆಳಮೂಲೆ ಮುಟ್ಟಿ. ಮೂಲೆಯಲ್ಲಿ ಒತ್ತಾಗಿ ಅಡ್ಡ ಹೊಲಿದ ಬಾರ್‌ಟ್ಯಾಕ್ ಸಿಗಬೇಕು. ಅದು ಸಡಿಲವಾಗಿ ಪಕ್ಕದ ಬಟ್ಟೆ ಜಾಳಾಗಿದ್ದರೆ, ಒಳಗಿನಿಂದ ಟಾರ್ಚು ಹಿಡಿದಾಗ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಅಲ್ಲಿ ಮುಂದಿನ ಮಳೆಗಾಲದೊಳಗೆ ತೂತು ಖಾತ್ರಿ. ಅಲಂಕಾರಕ್ಕೆ ಮುಚ್ಚಳ ಮಾತ್ರ ಹೊಲಿದು ಒಳಗೆ ಜೇಬೇ ಇಲ್ಲದಿದ್ದರೆ ಅದು ನಂತರದ ಕಾಲದ ಫ್ಯಾಷನ್ ಬಟ್ಟೆ. ಪ್ರಯಾಣಕ್ಕೆಂದು ಮಾರಿದ ಬಟ್ಟೆಯಲ್ಲಿ ಸುಳ್ಳು ಜೇಬು ಇಡುತ್ತಿರಲಿಲ್ಲ.

ಗೂರ್ಖಾ ಚಡ್ಡಿಯಲ್ಲಿ ಸೊಂಟಪಟ್ಟಿ ಅಗಲ, ಎರಡು ತುದಿಗಳು ಮುಂದೆ ಅಡ್ಡ ಹಾದು ಪಕ್ಕದ ಬಕಲ್‌ಗಳಿಗೆ ಸೇರುತ್ತವೆ. ಬಕಲ್ ಪಟ್ಟಿ ಸವೆದು ನೂಲು ಎದ್ದಿದೆಯೇ ನೋಡಿ. ಆ ಅಳತೆಯ ಪಟ್ಟಿ ಮತ್ತೆ ಹೊಲಿಸಬಹುದು, ಬಕಲ್ ಮುರಿದರೆ ಜೋಡಿ ಸಿಗುವುದು ಕಷ್ಟ.

ಕೈಬಿಡಬೇಕಾದ ಲಕ್ಷಣಗಳು:

- ಬಟ್ಟೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಕಾಗದ ಹರಿದಂಥ ಸದ್ದು. ನೂಲು ಒಳಗೇ ಸತ್ತಿದೆ, ಯಾವ ರಫೂ ನಿಲ್ಲುವುದಿಲ್ಲ.
- ಚೀಲ ಅಥವಾ ಮಳೆಕೋಟಿನ ಒಳಪದರ ಅಂಟಂಟು. ಪಾಲಿಯುರೆಥೇನ್ ಲೇಪ ಗಾಳಿಯ ತೇವಕ್ಕೆ ಕೊಳೆತಾಗ ಹೀಗಾಗುತ್ತದೆ, ಒಗೆದರೆ ವಾಸಿಯಾಗುವ ರೋಗವಲ್ಲ.
- ಕಪ್ಪು ಅಥವಾ ಗಾಢ ಆಲಿವ್ ಹತ್ತಿ ಬಟ್ಟೆ ಮಡಿಕೆಯ ಉದ್ದಕ್ಕೂ ಬಿರಿದಿರುವುದು. ಕೆಲವು ಗಂಧಕಯುಕ್ತ ಬಣ್ಣಗಳು, ಅದರಲ್ಲೂ ಕಪ್ಪು, ಬಿಸಿಲು-ತೇವದ ಜಾಗದಲ್ಲಿ ವರ್ಷಗಟ್ಟಲೆ ಇದ್ದರೆ ಆಮ್ಲ ಹುಟ್ಟಿ ನೂಲನ್ನು ತಿನ್ನುತ್ತವೆ.
- ಭುಜದ ಮೇಲ್ಭಾಗ ಮಾತ್ರ ಬಿಳಿಚಿರುವುದು. ಅಂಗಡಿಯ ಕಿಟಕಿಯಲ್ಲೋ ಬಟ್ಟೆಹಗ್ಗದ ಮೇಲೋ ಬಿಸಿಲು ಕುಡಿದಿದೆ. ಉಡಬಹುದು, ಪೂರ್ತಿ ಬೆಲೆ ಕೊಡಬೇಡಿ.

## 4ನೇ ಹಂತ: ಕ್ಯಾಟಲಾಗ್‌ನ ಚಿತ್ರದೊಂದಿಗೆ ತಾಳೆ ನೋಡಿ

ಈ ಕಂಪನಿ ಆ ಹತ್ತು ವರ್ಷ ಬಟ್ಟೆಯ ಫೋಟೋ ತೆಗೆಸಿ ರೂಪದರ್ಶಿಯ ಮೇಲೆ ಹಾಕಿ ಮಾರಲಿಲ್ಲ. ಮೆಲ್ ಪತ್ರಿಕೆಯ ಬರಹಗಾರ, ಪೆಟ್ರೀಷಿಯಾ ಪತ್ರಿಕೆಯ ಚಿತ್ರಕಾರ್ತಿ. ಆಕೆ ಬರೆದ ಚಿತ್ರ, ಆತ ಬರೆದ ಒಕ್ಕಣೆ. ನಂತರ ಬೇರೆ ಕಲಾವಿದರೂ ಸೇರಿಕೊಂಡರು. ಗುರುತಿಸುವವನಿಗೆ ಇದರಿಂದ ಒಂದು ಲಾಭ, ಒಂದು ತೊಂದರೆ.

ಲಾಭವೆಂದರೆ ಚಿತ್ರಕಾರ ಪ್ರತಿ ಗುಂಡಿ, ಪ್ರತಿ ಹೊಲಿಗೆ ಸಾಲನ್ನು ಬರೆಯುತ್ತಾನೆ. ಫೋಟೋದಲ್ಲಿ ನೆರಳಿನಲ್ಲಿ ಮುಚ್ಚಿಹೋಗುವ ಜೇಬಿನ ಮಡಿಕೆ ರೇಖೆಯಲ್ಲಿ ಸ್ಪಷ್ಟ. ತೊಂದರೆಯೆಂದರೆ ಬಣ್ಣ ಮತ್ತು ಅಂದಾಜು. ಕಪ್ಪು-ಬಿಳುಪು ಪುಸ್ತಿಕೆಗಳಲ್ಲಿ ಬಣ್ಣ ಮಾತಿನಲ್ಲಷ್ಟೇ ಇರುತ್ತದೆ. ಬಣ್ಣದ ಪುಸ್ತಿಕೆಗಳಲ್ಲಿ ಜಲವರ್ಣದ ಛಾಯೆ ಒಂದು, ನಿಜವಾದ ಬಟ್ಟೆ ಇನ್ನೊಂದು. ಚಿತ್ರದ ಜಾಕೆಟ್ ನಿಜದ್ದಕ್ಕಿಂತ ಉದ್ದ, ಸೊಂಟ ಸಣ್ಣ ಇರಬಹುದು.

ಆದ್ದರಿಂದ ತಾಳೆ ನೋಡುವ ಕ್ರಮ ಹೀಗಿರಲಿ:

1. ಎಣಿಕೆ. ಮುಂದಿನ ಗುಂಡಿ ಎಷ್ಟು, ಜೇಬು ಎಷ್ಟು, ಭುಜಪಟ್ಟಿ ಇದೆಯೇ, ಬೆಲ್ಟ್ ಕುಣಿಕೆ ಎಷ್ಟು.
2. ಆಕಾರ. ಜೇಬಿನ ಮುಚ್ಚಳ ಚೌಕವೋ, ಮೂಲೆ ಕತ್ತರಿಸಿದ್ದೋ, ನಡುವೆ ಮೊನೆಯೋ. ಜೇಬಿನ ನಡುವಿನ ಪ್ಲೀಟ್ ಹೊರಮುಖವೋ ಒಳಮುಖವೋ.
3. ಜಾಗ. ಮೇಲಿನ ಜೇಬಿನ ಅಂಚು ಎಷ್ಟನೇ ಗುಂಡಿಯ ಸಾಲಿಗೆ ಬರುತ್ತದೆ.
4. ಒಕ್ಕಣೆಯಲ್ಲಿ ಹೇಳಿದ ನೂಲು ಮತ್ತು ಒಳಪಟ್ಟಿಯ ನೂಲು ಒಂದೇ ಆಗಿದೆಯೇ.
5. ಬಣ್ಣ. ಕೊನೆಗೆ, ಅದೂ ಸುಮಾರಾಗಿ.

ಮೊದಲ ಮೂರು ಕೂಡಿದರೆ ತಾಳೆಯಾಯಿತು ಎನ್ನಬಹುದು. ಹೆಚ್ಚಿನವರು ಐದನೆಯದರಿಂದ ಶುರುಮಾಡಿ, ‘ಚಿತ್ರದಲ್ಲಿ ಇನ್ನೂ ಹಸಿರಾಗಿದೆಯಲ್ಲ’ ಎಂದು ಸರಿಯಾದ ಬಟ್ಟೆಯನ್ನೇ ಬಿಟ್ಟುಬಿಡುತ್ತಾರೆ. ಗುಂಡಿಯ ಎಣಿಕೆ ಒಂದು ಕಡಿಮೆ ಬಂದರೆ ಕಾಜಾ ಎಣಿಸಿ. ಗುಂಡಿ ಬಿದ್ದುಹೋಗುತ್ತದೆ, ಕಾಜಾ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1987ರಲ್ಲಿ ಶುರುವಾದ ಜೆ. ಪೀಟರ್‌ಮನ್ ಕಂಪನಿಯೂ ಫೋಟೋ ಬಿಟ್ಟು ಚಿತ್ರ ಮತ್ತು ಕತೆಯಂಥ ಒಕ್ಕಣೆಯಿಂದಲೇ ಮಾರಿತು. ಬಿಡಿಹಾಳೆಯ ಫೋಟೋ ತೋರಿಸಿ ಪೀಟರ್‌ಮನ್‌ನದ್ದನ್ನು ಬನಾನಾ ರಿಪಬ್ಲಿಕ್‌ನದ್ದೆಂದು ಮಾರುವವರಿದ್ದಾರೆ. ಹಾಳೆಯ ಬುಡದಲ್ಲಿರುವ ಕಂಪನಿಯ ಹೆಸರೋ ಆರ್ಡರ್ ವಿಳಾಸವೋ ಕಾಣುವ ಫೋಟೋ ಕೇಳದೆ ಒಪ್ಪಬೇಡಿ.

ಇಷ್ಟಾದ ಮೇಲೆ ಕತ್ತಿನ ಲೇಬಲ್. ‘ಟ್ರಾವೆಲ್ ಆ್ಯಂಡ್ ಸಫಾರಿ ಕ್ಲೋದಿಂಗ್ ಕಂ.’ ಎಂಬ ಮಾತು ಅದರಲ್ಲಿದ್ದರೆ ನೀವು ಹುಡುಕುವ ಕಾಲ. ಬರೀ ಕಂಪನಿಯ ಹೆಸರು ತೆಳು ಅಕ್ಷರದಲ್ಲಿದ್ದರೆ ಬಹುಪಾಲು ನಂತರದ್ದು. ಲೇಬಲ್‌ನ ನಾಲ್ಕೂ ಅಂಚಿನ ಹೊಲಿಗೆ ನೋಡಲು ಮರೆಯಬೇಡಿ. ಹಳೆಯ ಲೇಬಲ್ ಬಿಚ್ಚಿ ಬೇರೆ ಖಾಕಿ ಅಂಗಿಗೆ ಹೊಲಿದಿದ್ದರೆ, ಸುತ್ತಲಿನ ಬಟ್ಟೆಯಲ್ಲಿ ಇನ್ನೊಂದು ಸೂಜಿ ಸಾಲಿನ ತೂತುಗಳು ಭೂತಗನ್ನಡಿಯಲ್ಲಿ ಕಾಣುತ್ತವೆ.

## 5ನೇ ಹಂತ: ಅಳತೆ

ಲೇಬಲ್‌ನ ಸೈಜ್ ನಂಬಬೇಡಿ. ಆ ಕಾಲದ ‘ಮೀಡಿಯಂ’ ಇವತ್ತಿನದ್ದಲ್ಲ, ಸೇನೆಯ ಸೈಜಂತೂ ಬೇರೆಯದೇ ಲೆಕ್ಕ. ಮೊದಲು ನಿಮಗೆ ಒಪ್ಪುವ ಒಂದು ಅಂಗಿ ಮತ್ತು ಪ್ಯಾಂಟನ್ನು ನೆಲದ ಮೇಲೆ ಹಾಸಿ ಅಳೆದು ಬರೆದಿಟ್ಟುಕೊಳ್ಳಿ. ಮಾರುವವರಿಂದ ಅದೇ ಅಳತೆ ಕೇಳಿ.

ಜಾಕೆಟ್‌ಗೆ: ಕಂಕುಳಿಂದ ಕಂಕುಳಿಗೆ (ಇದರ ಎರಡರಷ್ಟು ಎದೆಸುತ್ತು), ಭುಜದ ಹೊಲಿಗೆಯಿಂದ ಭುಜದ ಹೊಲಿಗೆಗೆ, ಭುಜದ ಹೊಲಿಗೆಯಿಂದ ತೋಳಿನ ತುದಿಗೆ, ಕಾಲರಿನ ಬುಡದಿಂದ ಕೆಳಗೆ. ಅಂಗಿಯ ಮೇಲೆ ಹಾಕುವ ಬುಷ್ ಜಾಕೆಟ್ ನಿಮ್ಮ ಎದೆಸುತ್ತಿಗಿಂತ 6ರಿಂದ 8 ಇಂಚು ಜಾಸ್ತಿ ಇರಬೇಕು, ಅಂಗಿಯಾದರೆ 4ರಿಂದ 6. ಭುಜ ಅರ್ಧ ಇಂಚಿಗಿಂತ ಹೆಚ್ಚು ತಪ್ಪಿದರೆ ಬೇಡ. ಟೇಲರ್ ಸೊಂಟ ಹಿಡಿದುಕೊಡಬಲ್ಲ, ಭುಜ ಸರಿಮಾಡಲು ಹೋದರೆ ಜಾಕೆಟ್ಟೇ ಕೆಡುತ್ತದೆ.

ಗೂರ್ಖಾ ಚಡ್ಡಿಯಲ್ಲೇ ಅತಿ ಹೆಚ್ಚು ತಪ್ಪು. ಜೀನ್ಸ್ ಕೂರುವ ಜಾಗದ ಅಳತೆ ಕೊಟ್ಟು ಕೊಳ್ಳುತ್ತಾರೆ. ಇದು ಕೂರುವುದು ಹೊಕ್ಕುಳ ಮಟ್ಟದಲ್ಲಿ. ಅಲ್ಲಿ ಟೇಪು ಸುತ್ತಿ ಅಳೆಯಿರಿ. ಬಕಲ್ ಪೂರ್ತಿ ಬಿಗಿದಾಗಿನ ಮತ್ತು ಪೂರ್ತಿ ಸಡಿಲಿಸಿದಾಗಿನ ಎರಡೂ ಅಳತೆ ತರಿಸಿಕೊಳ್ಳಿ, ನಿಮ್ಮದು ನಡುವೆ ಬರಬೇಕು. ಮುಂದಿನ ಎತ್ತರ, ಅಂದರೆ ಕವಲಿನ ಹೊಲಿಗೆಯಿಂದ ಸೊಂಟಪಟ್ಟಿಯ ಮೇಲಂಚಿಗೆ, ಕೇಳದೆ ಬಿಡಬೇಡಿ.

ಕುಗ್ಗುವ ಲೆಕ್ಕವೂ ಉಂಟು. ‘ಸ್ಯಾನ್‌ಫರೈಸ್ಡ್’ (ಕಾರ್ಖಾನೆಯಲ್ಲೇ ಮೊದಲೇ ಕುಗ್ಗಿಸಿದ್ದು) ಎಂದಿದ್ದರೆ ಶೇ. 1ಕ್ಕಿಂತ ಹೆಚ್ಚು ಕುಗ್ಗದು. ಒಮ್ಮೆಯೂ ಒಗೆಯದ ಸೇನೆಯ ದಾಸ್ತಾನು ಇದಕ್ಕಿಂತ ಎಷ್ಟೋ ಹೆಚ್ಚು ಎಳೆದುಕೊಳ್ಳಬಹುದು. ಅಂಥದ್ದನ್ನು ತೋಳಿನಲ್ಲೂ ಉದ್ದದಲ್ಲೂ ಒಂದೂವರೆ ಇಂಚು ಮಿಗಿಸಿಯೇ ತೆಗೆದುಕೊಳ್ಳಿ.

## 6ನೇ ಹಂತ: ಕೊಳ್ಳುವುದು, ತರಿಸುವುದು

ಕೇಳಬೇಕಾದ ಫೋಟೋಗಳು: ಮುಂಭಾಗ, ಹಿಂಭಾಗ, ಒಳಪಟ್ಟಿಯ ಎರಡೂ ಮುಖ, ಕತ್ತಿನ ಲೇಬಲ್ ಹತ್ತಿರದಿಂದ, ಕಂಕುಳ ಒಳಭಾಗ, ಜೇಬಿನ ಕೆಳಮೂಲೆ. ಕೊನೆಯ ಎರಡನ್ನು ಕಳಿಸಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.

ಬೆಲೆಗೆ ಹರಾಜು ತಾಣದಲ್ಲಿ ‘ಮಾರಾಟವಾದವು’ ಎಂಬ ಫಿಲ್ಟರ್ ಒತ್ತಿ ನೋಡಿ. ಕೇಳುತ್ತಿರುವ ಬೆಲೆ ಆಸೆ, ಮಾರಾಟವಾದ ಬೆಲೆಯೇ ಬೆಲೆ.

ಭಾರತಕ್ಕೆ ತರಿಸುವವರು ಗಮನಿಸಿ: ಉಟ್ಟು ಬಿಟ್ಟ ಬಟ್ಟೆಯ ಆಮದು ಇಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ. ಅಂಚೆ ಅಥವಾ ಕೊರಿಯರ್‌ನಲ್ಲಿ ಬಂದ ಪೊಟ್ಟಣ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳುವ ಓಡಾಟ ಬಟ್ಟೆಯ ಬೆಲೆಯನ್ನೂ ಮೀರುತ್ತದೆ. ಅಲ್ಲಿಂದ ಊರಿಗೆ ಬರುವ ಅಕ್ಕನೋ ಭಾವನೋ ತಮ್ಮ ಉಡುಪಿನ ಜೊತೆ ಪೆಟ್ಟಿಗೆಯಲ್ಲಿ ಒಂದೆರಡನ್ನು ತರುವುದು ಸುಲಭದ ದಾರಿ.

## 7ನೇ ಹಂತ: ಮೊದಲ ಒಗೆತ

ಸರಿಯಾದ್ದನ್ನೇ ಕೊಂಡವರೂ ಕೆಡಿಸಿಕೊಳ್ಳುವುದು ಇಲ್ಲಿ. ಅವಸರ ಬೇಡ.

ಹುಳು. ಬಂದ ತಕ್ಷಣ ಬೀರುವಿಗೆ ಸೇರಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ, ಇಲ್ಲದಿದ್ದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಬಿಡಿಭಾಗ. ತೊಗಲಿನ ಗುಂಡಿ, ತೊಗಲಿನ ಪಟ್ಟಿ ಇದ್ದರೆ ಬಿಚ್ಚಿ ತೆಗೆದಿಡಿ. ಜೇಬುಗಳನ್ನು ಹೊರಕ್ಕೆಳೆದು ಮೂಲೆಯ ಧೂಳು ಕೊಡವಿ. ಜಿಪ್ ಮುಚ್ಚಿ, ಒಳಮಗ್ಗುಲು ಮಾಡಿ. ಮೇಣ ಹಚ್ಚಿದ ಬಟ್ಟೆಯಾದರೆ ಒಗೆಯಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯ ತುಂಡನ್ನು ಮಾರ್ಜಕದ ನೀರಲ್ಲಿ ಅದ್ದಿ, ಕೆಳಅಂಚಿನ ಒಳಮಡಿಕೆಯ ಮೇಲೆ ಐದು ನಿಮಿಷ ಒತ್ತಿಹಿಡಿಯಿರಿ. ಕಂದು ಕೊಳೆ ಅಂಟಿದರೆ ಪರವಾಗಿಲ್ಲ. ಹಸಿರು ಅಥವಾ ನೀಲಿ ಅಂಟಿದರೆ ಬಣ್ಣ ಬಿಡುತ್ತಿದೆ, ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಿರಿ, ನೆನೆಹಾಕಬೇಡಿ.

ನೆನೆಹಾಕುವುದು. 10 ಲೀಟರ್ ನೀರು, ಮುಟ್ಟಿದರೆ ಬೆಚ್ಚಗಷ್ಟೇ ಅನ್ನಿಸಬೇಕು (30 ಡಿಗ್ರಿ ಒಳಗೆ), ಎರಡು ಚಹಾ ಚಮಚ ದ್ರವ ಮಾರ್ಜಕ. ಅರ್ಧ ಗಂಟೆ. ನೀರು ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಚೆಲ್ಲಿ, ಹೊಸ ನೀರು ಹಾಕಿ. ತಿಳಿಯಾಗುವವರೆಗೆ ಮೂರು ನಾಲ್ಕು ಸಲ. ಕಮಟು ವಾಸನೆ ಹೋಗದಿದ್ದರೆ ಕೊನೆಯ ನೀರಿಗೆ ಅರ್ಧ ಬಟ್ಟಲು ಅಡುಗೆ ಸೋಡಾ.

ಒಣಗಿಸುವುದು. ಹಿಂಡಬೇಡಿ, ಬಡಿಯಬೇಡಿ. ಟರ್ಕಿ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ದಪ್ಪ ಹ್ಯಾಂಗರಿನಲ್ಲಿ ನೆರಳಿಗೆ ಹಾಕಿ. ಲೋಹದ ಬಕಲ್, ಕೊಕ್ಕೆಗಳನ್ನು ತಕ್ಷಣ ಒಣಬಟ್ಟೆಯಿಂದ ಒರೆಸಿ. ಸ್ವಲ್ಪ ತೇವ ಇರುವಾಗಲೇ ಒಳಮಗ್ಗುಲಿನಿಂದ ಇಸ್ತ್ರಿ. ಗಂಜಿ ಹಾಕಬೇಡಿ. ಗಂಜಿಯ ರುಚಿಗೆ ಸಿಲ್ವರ್‌ಫಿಶ್ ಹುಳು ಬರುತ್ತದೆ, ಬಟ್ಟೆಯನ್ನೂ ಕೆರೆಯುತ್ತದೆ.

ಈಗ ಮಾಡಲೇಬಾರದ್ದು. ಕ್ಲೋರಿನ್ ಬ್ಲೀಚ್ ತಾಗಿದರೆ ಖಾಕಿ ಗುಲಾಬಿಗೋ ಕಿತ್ತಳೆಗೋ ತಿರುಗುತ್ತದೆ, ಹಿಂದಿರುಗುವ ದಾರಿಯಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿ ಬೇಡ. ಹೊಳಪಿನ ಪುಡಿ ಇರುವ ಮಾರ್ಜಕದಿಂದ ತಿಳಿ ಖಾಕಿ ಬೂದಿಬಡಿದಂತಾಗುತ್ತದೆ.

ತುಕ್ಕಿನ ಕಲೆಗೆ ನಿಂಬೆಹುಳಿ ನಮ್ಮ ಮನೆಗಳಲ್ಲಿ ಹಳೆಯ ಮದ್ದು. ಬಿಳಿ ಬಟ್ಟೆಗೆ ಸರಿ, ಹಳೆಯ ಖಾಕಿಗೆ ಅಪಾಯ. ಖನಿಜ ಖಾಕಿ ಎಂಬ ಬಗೆಯಲ್ಲಿ ಬಣ್ಣವೇ ಕಬ್ಬಿಣ ಮತ್ತು ಕ್ರೋಮಿಯಂನ ಆಕ್ಸೈಡು. ತುಕ್ಕು ತೆಗೆಯುವ ಹುಳಿ ಬಣ್ಣವನ್ನೂ ತುಕ್ಕೆಂದೇ ತಿಳಿದು ತೆಗೆಯುತ್ತದೆ, ಬಿಳಿ ಮಚ್ಚೆ ಉಳಿಯುತ್ತದೆ. ಸೇನೆಯ ಹಳೆಯ ದಾಸ್ತಾನಿನಲ್ಲಿ ಈ ಬಣ್ಣ ಇರಬಹುದು. ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಹತ್ತು ನಿಮಿಷ ಕಾದು ನೋಡದೆ ನಿಂಬೆ ಮುಟ್ಟಿಸಬೇಡಿ. (ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆ ಖಾಕಿಗೇ ಹೆಸರಾಗಿದ್ದ ಊರಿನ ನಂಟಿನಿಂದಲೋ ಏನೋ, ಖಾಕಿ ಎಂದರೆ ಎಷ್ಟು ತಿಕ್ಕಿದರೂ ತಡೆಯುವ ಬಟ್ಟೆ ಎಂಬ ಧೈರ್ಯ ನಮ್ಮವರಿಗೆ ಜಾಸ್ತಿ.)

ಹಿತ್ತಾಳೆ ಬಕಲ್ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ಬಕಲ್ ಅಡಿಗೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಒಣ ಬ್ರಷ್‌ನಿಂದ ಉಜ್ಜಿ. ಹುಣಸೆಹಣ್ಣು ದೇವರ ದೀಪಕ್ಕಿರಲಿ.

## 8ನೇ ಹಂತ: ರಿಪೇರಿ

ಹತ್ತಿ ಬಟ್ಟೆಗೆ ಹತ್ತಿ ದಾರ. ಪಾಲಿಯೆಸ್ಟರ್ ದಾರ ಹಳೆಯ ಬಟ್ಟೆಗಿಂತ ಗಟ್ಟಿ, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ಜೇಬಿನ ಮೂಲೆ ಜಾಳಾಗಿದ್ದರೆ ಒಳಗಡೆಯಿಂದ ಎರಡು ಇಂಚು ಚೌಕದ ತೆಳು ಹತ್ತಿ ತೇಪೆ ಕೊಟ್ಟು, ಆಮೇಲೆ ಬಾರ್‌ಟ್ಯಾಕ್ ಹಾಕಿಸಿ. ಸಡಿಲವಾದ ಲೇಬಲ್ಲನ್ನು ಹಳೆಯ ತೂತುಗಳಲ್ಲೇ ಕೈಹೊಲಿಗೆ ಹಾಕಿ ಕೂರಿಸಿ. ಟೇಲರ್‌ಗೆ ಕೊಡುವ ಮುನ್ನ ‘ಏನನ್ನೂ ಕತ್ತರಿಸಬೇಡಿ, ಮಡಚಿಯೇ ಹೊಲಿಯಿರಿ’ ಎಂದು ಹೇಳಿ, ಬೇಕಾದರೆ ಎರಡು ಸಲ ಹೇಳಿ.

## 9ನೇ ಹಂತ: ಕ್ಯಾಟಲಾಗ್ ಕೊಳ್ಳುವುದು, ಕಾಪಾಡುವುದು

ಕಾಲ ಗುರುತಿಸುವುದು. ಹಿಂಬದಿ ಮತ್ತು ಆರ್ಡರ್ ಫಾರಂ ನೋಡಿ. ಹೆಚ್ಚಾಗಿ ಋತು ಮತ್ತು ಹಕ್ಕುಸ್ವಾಮ್ಯದ ಇಸವಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ವಿಳಾಸದ ಪಿನ್ ಕೋಡ್ ನೋಡಿ. ಅಮೆರಿಕದ ಐದಂಕಿ ಪಿನ್‌ಗೆ ಅಡ್ಡಗೆರೆ ಹಾಕಿ ನಾಲ್ಕಂಕಿ ಸೇರಿದ್ದು 1983ರಲ್ಲಿ. ನಾಲ್ಕಂಕಿ ಇದ್ದರೆ ಅದಕ್ಕಿಂತ ಹಿಂದಿನದಲ್ಲ. ಉಚಿತ ಕರೆಯ ಸಂಖ್ಯೆ 888ರಿಂದ ಶುರುವಾದರೆ 1996ರ ಮೇಲಿನದು, ಸಫಾರಿ ಕಾಲದ್ದಲ್ಲ.

ಅಸಲಿಯೋ ಮರುಮುದ್ರಣವೋ. ಭೂತಗನ್ನಡಿಯನ್ನು ಚಿತ್ರದ ಒಂದು ಕಪ್ಪು ರೇಖೆಯ ಮೇಲಿಡಿ. ಮುದ್ರಣಾಲಯದ ಆಫ್‌ಸೆಟ್ ಯಂತ್ರದಲ್ಲಿ ಮುದ್ರಿಸಿದ ರೇಖೆ ಒಂದೇ ಸಮನೆ ಕಪ್ಪು, ಅಂಚು ಚೂಪು, ಮಸಿ ಕಾಗದದೊಳಗೆ ಇಳಿದಿರುತ್ತದೆ. ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದದ್ದಾದರೆ ಅದೇ ರೇಖೆ ಚದುರಿದ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಲೇಸರ್ ಪ್ರತಿಯಲ್ಲಿ ರೇಖೆ ಕಾಗದದ ಮೇಲೆ ಕೂತು ಮಿರುಗುತ್ತದೆ, ಸುತ್ತ ಸಣ್ಣ ಪುಡಿ ಚೆಲ್ಲಿರುತ್ತದೆ. ಶುರುವಿನ ತೆಳು, ಅಗ್ಗದ ಪುಸ್ತಿಕೆಗಳಿಗೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ, ಕಾಗದ ಹಳದಿಯಾಗಿರುವ ರೀತಿಯನ್ನೂ ನೋಡಿ: ನಿಜವಾಗಿ ಹಳತಾದರೆ ಅಂಚು ಹೆಚ್ಚು ಕಂದು, ನಡುವೆ ತಿಳಿ. ಚಹಾ ನೀರಲ್ಲಿ ಅದ್ದಿದ್ದಾದರೆ ಎಲ್ಲ ಕಡೆ ಒಂದೇ ಬಣ್ಣ.

ಪೂರ್ತಿ ಇದೆಯೇ. ನಡುಹಾಳೆಯಲ್ಲಿ ಪಿನ್ನು ಹೊಡೆದ ಆರ್ಡರ್ ಫಾರಂ ಮತ್ತು ಲಕೋಟೆಯನ್ನೇ ಜನ ಮೊದಲು ಹರಿದದ್ದು. ಅದು ಉಳಿದಿದ್ದರೆ ಬೆಲೆ ಹೆಚ್ಚು. ಪುಟಸಂಖ್ಯೆ ಎಣಿಸಿ. ಒಂದು ಹಾಳೆ ಕಿತ್ತಿದ್ದರೆ ಅದರ ಜೋಡಿ ಹಾಳೆಯೂ ಪಿನ್ನಿನಿಂದ ಸಡಿಲಗೊಂಡಿರುತ್ತದೆ.

ಬೂಷ್ಟು ಮತ್ತು ತುಕ್ಕು. ಕರಾವಳಿ, ಮಲೆನಾಡಿನವರಿಗೆ ಇದೇ ದೊಡ್ಡ ಶತ್ರು. ಗಾಳಿಯ ತೇವಾಂಶ ಶೇ. 65 ದಾಟಿತೆಂದರೆ ಬೂಷ್ಟು ಹುಟ್ಟಲು ಅನುಕೂಲ. 35ರಿಂದ 50ರ ನಡುವೆ ಇಟ್ಟರೆ ಒಳ್ಳೆಯದು, ಡಬ್ಬಿಯೊಳಗೆ ಸಣ್ಣ ತೇವಮಾಪಕ ಇಡಿ. ಬೂಷ್ಟು ಕಂಡರೆ ಒರೆಸಬೇಡಿ, ಉಜ್ಜಿ ಒಳಕ್ಕೆ ಹೋಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಕೊಡವಿ. ಪಿನ್ನಿನ ತುಕ್ಕು ಕಾಗದಕ್ಕೆ ಹರಡುತ್ತಿದ್ದರೆ ಮಾತ್ರ ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ ಹೊರತೆಗೆದು, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ. ಹರಿದಲ್ಲಿ ಸೆಲೊಟೇಪು ಬೇಡ. ಕೆಲವು ವರ್ಷಗಳಲ್ಲಿ ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಜಪಾನಿ ತೆಳುಕಾಗದ ಮತ್ತು ಗೋಧಿ ಪಿಷ್ಟದ ಅಂಟು ಸಾಕು.

ಇಡುವುದು. ಒಂದೊಂದನ್ನೂ ಒಂದು ಚೀಲದಲ್ಲಿ, ಹಿಂದೆ ರಟ್ಟು, ಮಲಗಿಸಿ. ಪಿವಿಸಿ ಚೀಲ ಬೇಡ, ಮಸಿ ಅದಕ್ಕೆ ಅಂಟಿಕೊಳ್ಳುತ್ತದೆ. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಚೀಲದ ಪಕ್ಕದಲ್ಲಿ ಇಡಬೇಡಿ. ಗೋಡೆಗೆ ಒರಗಿದ ಬೀರು, ಅದರಲ್ಲೂ ಮಳೆ ಹೊಡೆಯುವ ಪಡುಗೋಡೆಯದ್ದು, ಸರಿಯಾದ ಜಾಗವಲ್ಲ.

ಸ್ಕ್ಯಾನ್. ಪ್ರತಿ ಸಲ ತಾಳೆ ನೋಡಲು ಅಸಲಿಯನ್ನು ತಿರುವಿ ಹಾಕುವ ಬದಲು ಒಮ್ಮೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಓದಲು 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ಹೊಲಿಗೆಯ ರೇಖೆ ಹಿಗ್ಗಿಸಿ ನೋಡಲು 600. ಪುಸ್ತಿಕೆಯನ್ನು ಗಾಜಿನ ಮೇಲೆ ಒತ್ತಿ ಚಪ್ಪಟೆ ಮಾಡಬೇಡಿ, ಬೆನ್ನು ಬಿರಿಯುತ್ತದೆ. ಫೈಲಿಗೆ ಋತು, ಇಸವಿ, ಪುಟ, ಬಟ್ಟೆಯ ಹೆಸರು ಈ ಕ್ರಮದಲ್ಲಿ ಹೆಸರಿಡಿ. ಆ ಪ್ರತಿಗಳನ್ನು ಮಾರಲು, ಟೀಶರ್ಟಿನ ಮೇಲೆ ಅಚ್ಚು ಹಾಕಿಸಲು ಹೋಗಬೇಡಿ. ಕಂಪನಿಗಾಗಿ ಮಾಡಿದ ಕೃತಿಗೆ ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷದ ಹಕ್ಕುಸ್ವಾಮ್ಯ ಇರುತ್ತದೆ, ಚಿತ್ರಗಳಿಗೆ ಈಗಲೂ ಮಾಲೀಕರಿದ್ದಾರೆ.